ವ್ಯಾನಿನ ಹಿಂದಿನ ಕಿಟಕಿ

ಅಂಟಿನ ಡಬ್ಬಿಯ ಮುಚ್ಚಳ ತೆಗೆದರೆ ಈಗಲೂ ನನಗೆ ರಾಮದುರ್ಗದ ಹೊಳೆದಂಡೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸಂತೆಯಿಂದ ಸಂತೆಗೆ ಪಾತ್ರೆ ಮಾರುತ್ತ ತಿರುಗುವ ನಮಗೆ ಹಳೆಯ ವ್ಯಾನೇ ಮನೆ. ಚಳಿಗಾಲದಲ್ಲಿ ನಮ್ಮ ಉಸಿರೇ ತಣ್ಣನೆಯ ತಗಡಿಗೆ ತಾಗಿ ನೀರಾಗಿ, ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವ್ವ ತೀರಿಕೊಂಡ ವರ್ಷ ಅಪ್ಪ ಬೈಲಹೊಂಗಲದಿಂದ ಮೆತ್ತನೆಯ ಫೋಮಿನ ಹಾಳೆಗಳನ್ನು ತಂದು ಒಳಗೆಲ್ಲ ಅಂಟಿಸಿದ. ಕೊನೆಗೆ ಹಿಂದಿನ ಕಿಟಕಿಯೊಂದು ಉಳಿಯಿತು.

“ಇದೊಂದು ಬಿಡಪ್ಪಾ,” ಎಂದೆ.

“ಗಾಜು ಬಿಟ್ರ ನೀರೆಲ್ಲಾ ಅಲ್ಲೇ ಕೂಡತೈತಿ. ನಿನಗ ಮತ್ತ ಕೆಮ್ಮು ಬರತೈತವ್ವಾ.”

ನಾನು ಮರದ ನೆರಳಿಗೆ ತಣ್ಣಗಿದ್ದ ಗಾಜಿಗೆ ಬಾಯಿ ಹತ್ತಿರ ಮಾಡಿ ಉಸಿರು ಬಿಟ್ಟೆ. ಗಾಜು ಮಸುಕಾಯಿತು. ಹಿಂದಿನ ಚಳಿಗಾಲದಲ್ಲಿ ಅವ್ವ ಎಣ್ಣೆಗೈಯಿಂದ ಅಲ್ಲಿ ಬರೆದಿದ್ದ ರಂಗೋಲಿ ಎಳೆ ಎಳೆಯಾಗಿ ಮೂಡಿ, ಮೆಲ್ಲಗೆ ಮಾಯವಾಯಿತು.

ಅಪ್ಪ ಬಗ್ಗಿ ತಾನೂ ಒಮ್ಮೆ ಉಸಿರು ಬಿಟ್ಟು ನೋಡಿದ. ಅದು ಮತ್ತೆ ಮಾಯವಾಗುವ ತನಕ ಬಗ್ಗಿಯೇ ಇದ್ದ.

“ರಾತ್ರಿ ಭಾಳ ಕೆಮ್ಮತಿ ನೀ,” ಎಂದು ಹಾಳೆಗೆ ಅಂಟು ಸವರಿ, ಎರಡೂ ಅಂಗೈಯಿಂದ ಗಾಜಿಗೆ ಒತ್ತಿ ಹಿಡಿದ.

ಅಂಟು ಹಿಡಿದ ಮೇಲೂ ಅವನು ಕೈ ತೆಗೆಯಲಿಲ್ಲ.