ತಿಂಗಳಿಗೊಂದು ತಪ್ಪು

"ಇದು ಹನ್ನೊಂದನೇದು," ಎಂದು ಮೇಲಧಿಕಾರಿ ಮೇಡಂ ಕಾಗದವನ್ನು ಮೇಜಿನ ಮೇಲಿಟ್ಟರು. ಹಸಿರು ಶಾಯಿ, ಬಲಕ್ಕೆ ವಾಲಿದ ಅಕ್ಷರ. ಯಾರದೆಂದು ಮೇಷ್ಟ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೇಷ್ಟ್ರೆಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಚಿತ್ರ ಭಂಡಾರದ ನೆಲಮಾಳಿಗೆಯಲ್ಲಿ ಒಬ್ಬರೇ ಕೂತು ಹಳೆಯ ಯುದ್ಧದ ಸಿನಿಮಾ ನೋಡುವುದು, ಅದರಲ್ಲಿ ಹಾರುವ ವಿಮಾನಗಳು ಯಾವುವೆಂದು ಗುರುತಿಸಿ ಬರೆಯುವುದು ಅವರ ಕೆಲಸ. ಮೋಡದ ಸಂದಿಯಲ್ಲಿ ಒಂದು ರೆಕ್ಕೆಯ ತುದಿ ಇಣುಕಿದರೆ ಸಾಕು, ಇಡೀ ವಿಮಾನದ ಜಾತಕ ಹೇಳಿಬಿಡುತ್ತಿದ್ದರು. ಅದಕ್ಕೇ 'ರೆಕ್ಕೆ ಮೇಷ್ಟ್ರು'. ಅವರು ಬರೆದದ್ದು ತಿಂಗಳಿಗೊಮ್ಮೆ ಪಟ್ಟಿಯಾಗಿ ಅಚ್ಚಾಗಿ ಅಂಚೆಯಲ್ಲಿ ಹೋಗುತ್ತಿತ್ತು. ತರಿಸಿಕೊಳ್ಳುವವರು ನೂರಾರು ಜನ, ತಪ್ಪು ಹಿಡಿಯುವವರು ಮಾತ್ರ ಒಬ್ಬರೇ.

ಆ ಒಬ್ಬರು ಹೆಸರು ಬರೆಯುತ್ತಿರಲಿಲ್ಲ. 'ಒಬ್ಬ ಓದುಗರು' ಎಂದು ಸಹಿ, ಕೆಳಗೆ ವಿಳಾಸ, ಅಷ್ಟೇ. ಈ ಸಲದ ದೂರು ಹೀಗಿತ್ತು: ಮೇಷ್ಟ್ರು ಶತ್ರುಗಳ ಯುದ್ಧವಿಮಾನ ಎಂದು ಬರೆದದ್ದು ಅಸಲಿಗೆ ಎರಡು ಸೀಟಿನ ತರಬೇತಿಯ ವಿಮಾನ, ಸಿನಿಮಾದವರು ಬಣ್ಣ ಬಳಿದು ವೇಷ ಹಾಕಿಸಿದ್ದಾರೆ. 'ಹಿಂದಿನ ಸೀಟಿನ ಗಾಜು ಅರೆಕ್ಷಣ ಹೊಳೆಯುತ್ತದೆ. ಗಮನಿಸಿ.' ಅಕ್ಷರಶಃ ನಿಜ.

"ಕಣ್ಣು ತೋರಿಸ್ಕೊಂಡ್ರಾ ಮೇಷ್ಟ್ರೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೇಷ್ಟ್ರ ಕೈ ಕನ್ನಡಕಕ್ಕೆ ಹೋಯಿತು. ತೋರಿಸಿಕೊಂಡೆ, ಚೆನ್ನಾಗಿದೆಯಂತೆ ಎಂದರು. ಮೇಡಂ ಕೆಟ್ಟವರಲ್ಲ. ಆದರೆ ಮೇಲಿನವರು ಕೇಳುತ್ತಿದ್ದಾರೆ, ಇನ್ನೊಂದು ತಪ್ಪಾದರೆ ಪಟ್ಟಿಯ ಕೆಲಸ ಬೇರೆಯವರಿಗೆ ಹೋಗುತ್ತದೆ, ತಾನೇನೂ ಮಾಡುವಂತಿಲ್ಲ ಎಂದು ನೆಲ ನೋಡಿಕೊಂಡು ಹೇಳಿದರು. ಮೇಷ್ಟ್ರು ತಲೆಯಾಡಿಸಿ, ಆ ಕಾಗದ ತಾವೇ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಅವಮಾನದ ಕಾಗದ ಇವರಿಗೇಕೆ ಎಂದು ಮೇಡಂಗೆ ಅನಿಸಿರಬೇಕು. ಆದರೂ ಕೊಟ್ಟರು.

ಮನೆ ಎಂದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಕುರ್ಚಿ. ಭಾನುವಾರ ಅಕ್ಕ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟರೆ ವಾರದ ಮಾತು ಮುಗಿಯಿತು. ಮೇಷ್ಟ್ರು ಹೊಸ ಕಾಗದವನ್ನು ಹಳೆಯ ಹತ್ತರ ಜೊತೆಗಿಟ್ಟು, ಅಷ್ಟನ್ನೂ ಮೊದಲಿನಿಂದ ಓದಿದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೇಷ್ಟ್ರ ಕಣ್ಣಿಗೆ ಏನೂ ಆಗಿರಲಿಲ್ಲ. ವರ್ಷದ ಹಿಂದೆ ಜ್ವರದ ಮಂಪರಿನಲ್ಲಿ ಹರಿಕೇನ್ ವಿಮಾನವನ್ನು ಸ್ಪಿಟ್‌ಫೈರ್ ಎಂದು ಬರೆದದ್ದು ನಿಜವಾದ ತಪ್ಪು. ಅದಕ್ಕೆ ಕಾಗದ ಬಂತು. 'ನಿಮ್ಮ ಪಟ್ಟಿಯನ್ನು ಒಂದು ಸಾಲೂ ಬಿಡದೆ ಓದುತ್ತೇನೆ. ಈ ಸಿನಿಮಾ ಮೊದಲು ನೋಡಿದಾಗ ನನ್ನ ಪಕ್ಕ ಒಬ್ಬರು ಕೂತಿದ್ದರು.' ಮಾರನೇ ತಿಂಗಳು ತಪ್ಪಿರಲಿಲ್ಲ, ಕಾಗದವೂ ಬರಲಿಲ್ಲ. ಅದರ ಮಾರನೇ ತಿಂಗಳು ಮೇಷ್ಟ್ರು ಬೇಕೆಂದೇ ಒಂದು ತಪ್ಪು ಮಾಡಿದರು. ಎಂಟನೇ ದಿನಕ್ಕೆ ಹಸಿರು ಶಾಯಿ ಬಂತು. ಆಮೇಲೆ ತಿಂಗಳಿಗೊಂದು.

ತಿದ್ದಿದ ಓದುಗರಿಗೆ ಭಂಡಾರದಿಂದ ಸಿಗುತ್ತಿದ್ದದ್ದು ಮುಂದಿನ ಪಟ್ಟಿಯಲ್ಲಿ 'ತಿದ್ದುಪಡಿ: ಓದುಗರಿಗೆ ಕೃತಜ್ಞತೆ' ಎಂಬ ಒಂದೇ ಸಾಲು. ಒಮ್ಮೆ ಮೇಷ್ಟ್ರು 'ಹೃತ್ಪೂರ್ವಕ' ಎಂದು ಸೇರಿಸಿದರೆ ಮೇಡಂ ಹೊಡೆದುಹಾಕಿದ್ದರು. ಮನೆಯಿಂದಲೇ ಬರೆಯೋಣವೆಂದು ನಾಲ್ಕು ಸಲ ಕೂತದ್ದೂ ಉಂಟು. ವಿಮಾನದ ನೆಪವಿಲ್ಲದೆ ಎರಡನೇ ಸಾಲು ಹೊರಡಲಿಲ್ಲ.

ಈಗ ಅತ್ತ ದರಿ, ಇತ್ತ ಹುಲಿ. ತಪ್ಪು ಮಾಡಿದರೆ ಪಟ್ಟಿ ಹೋಗುತ್ತದೆ, ಮಾಡದಿದ್ದರೆ ಕಾಗದ ಬರುವುದಿಲ್ಲ. ಮೇಷ್ಟ್ರು ಮೂರು ದಿನ ಯೋಚಿಸಿ, ಎಲ್ಲವನ್ನೂ ಸರಿಯಾಗಿಯೇ ಬರೆದರು. ಬರೆದು ಮುಗಿಸಿದಾಗ ಯಾರನ್ನೋ ರೈಲು ಹತ್ತಿಸಿ ಬಂದಷ್ಟು ಬೇಸರವಾಯಿತು.

ಪಟ್ಟಿ ಅಂಚೆಗೆ ಹೋಗಿ ಎಂಟು ದಿನವಾಯಿತು, ಹದಿನೈದಾಯಿತು. ಟಪಾಲಿನವನನ್ನು ಕೇಳುವುದನ್ನೂ ಬಿಟ್ಟರು. ಹತ್ತೊಂಬತ್ತನೇ ದಿನ ಮೇಡಂ ತಾವೇ ನೆಲಮಾಳಿಗೆಗೆ ಇಳಿದು ಬಂದರು. ಮುಖ ಸಪ್ಪಗಿತ್ತು, ಕೈಯಲ್ಲಿ ಹಸಿರು ಶಾಯಿ.

'ಇಪ್ಪತ್ತೆರಡನೇ ನಿಮಿಷದಲ್ಲಿ ಬರುವ ಬಾಂಬರ್ ವೆಲಿಂಗ್ಟನ್, ಎರಡು ಎಂಜಿನ್ ಎಂದು ಬರೆದಿದ್ದೀರಿ. ತಪ್ಪು. ಎಂಜಿನ್ ನಾಲ್ಕಿವೆ. ಅದು ಲ್ಯಾಂಕಾಸ್ಟರ್.'

ಮೇಷ್ಟ್ರು ರೀಲು ಹಾಕಿ, ಇಪ್ಪತ್ತೆರಡನೇ ನಿಮಿಷಕ್ಕೆ ತಂದು ನಿಲ್ಲಿಸಿದರು. ಮೇಡಂ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದರು. ಒಂದು, ಎರಡು. ಮತ್ತೆ ಎಣಿಸಿದರು. ಎರಡೇ.

"ಬಚಾವಾದ್ರಿ," ಎಂದು ನಕ್ಕರು. "ಅರೆಕ್ಷಣದ ಗಾಜು ಕಂಡವ್ರಿಗೆ ಎರಡು ಎಂಜಿನ್ ಎಣಿಸೋಕೆ ಬರ್ಲಿಲ್ವಾ? ಪಾಪ, ವಯಸ್ಸಾಗಿರ್ಬೇಕು."

ಅಂಥ ಕಣ್ಣೂ ಮಂಜಾಯಿತಲ್ಲ ಎಂದು ಮೇಷ್ಟ್ರಿಗೆ ಸಂಕಟವಾಗಿತ್ತು.

ಮೇಡಂ ಮೆಟ್ಟಿಲ ಬಳಿ ತಿರುಗಿದರು. "ಓದುಗರು ಹೇಳಿದ್ದು ಸರಿಯಿದ್ರೆ ಪಟ್ಟೀಲಿ ಒಂದು ಸಾಲು ಹಾಕಿದ್ರೆ ಮುಗೀತು. ತಪ್ಪಿದ್ರೆ ಮಾತ್ರ ನೀವೇ ಅವ್ರಿಗೆ ಕಾಗದ ಬರೀಬೇಕು ಮೇಷ್ಟ್ರೇ. ಪಟ್ಟೀ ಕೊನೇ ಪುಟದಲ್ಲೇ ಅಚ್ಚಾಗಿರೋ ನಿಯಮ. ಇಷ್ಟು ವರ್ಷ ಯಾವ ಓದುಗ್ರೂ ತಪ್ಪು ಹೇಳಿಲ್ಲ, ನೀವೂ ಮರ್ತಿರ್ತೀರಿ."

ವಿಳಾಸ ನೋಡಿಕೊಳ್ಳಲು ಮೇಷ್ಟ್ರು ಕಾಗದ ತಿರುವಿದರು. ಹಿಂಬದಿಯಲ್ಲಿ, ಅದೇ ಹಸಿರು ಶಾಯಿಯಲ್ಲಿ, ಇನ್ನೆರಡು ಸಾಲಿದ್ದವು:

'ಒಂದು ವೇಳೆ ತಪ್ಪು ನನ್ನದಾಗಿದ್ದರೆ, ಕೊನೆಯ ಪುಟದ ನಿಯಮದಂತೆ ನೀವು ನನಗೆ ಕಾಗದ ಬರೆಯಬೇಕಾಗುತ್ತದೆ. ಮುಂದಿನ ತಿಂಗಳೂ ಒಂದು ತಪ್ಪು ಮಾಡಬಲ್ಲೆ.'