ಸೋಸಿದ ನೀರು

ಕೈಗೆ ರಬ್ಬರ್ ಗವಸು ತೊಟ್ಟು ಶ್ವೇತಾ ಗುಂಡಿ ತೋಡುತ್ತಿದ್ದಳು.

ಬೆಳಗಿನ ಮಂಜು ಕಾಫಿ ಗಿಡಗಳ ಮೇಲಿಂದ ಇನ್ನೂ ಎದ್ದಿರಲಿಲ್ಲ. ಮೆಣಸಿನ ಬಳ್ಳಿಯ ಮರೆಯಲ್ಲಿ ನಿಂತು ಅಭಿನಂದನ್ ನೋಡಿದ. ಅಣ್ಣ ಪದ್ಮರಾಜ ಸತ್ತು ತಿಂಗಳೂ ಆಗಿರಲಿಲ್ಲ. ಅಣ್ಣನ ಹೆಂಡತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ಮಣ್ಣಿಗೆ ಇಳಿಸಿದಳು. ಮೇಲೆ ಕಲ್ಲು ಹೇರಿದಳು. ಅತ್ತಿತ್ತ ನೋಡಿ ಹೊರಟುಹೋದಳು.

ಅವಳು ಮರೆಯಾದ ಮೇಲೆ ಅವನು ಕಲ್ಲು ಸರಿಸಿದ. ವಿಷದ ಬಾಟಲಿ ಸಿಗಬಹುದೆಂದುಕೊಂಡಿದ್ದ. ಸಿಕ್ಕಿದ್ದು ಲ್ಯಾಬಿನಲ್ಲಿ ಅಣ್ಣ ತೊಡುತ್ತಿದ್ದ ಬಿಳಿ ಕೋಟು. ಗಂಡನ ಕೊನೆಯ ಬಟ್ಟೆಯನ್ನು ಸತ್ತ ಇಲಿಯ ಹಾಗೆ ಹೂಳುತ್ತಾಳಲ್ಲ! ತಂದು ಅಮ್ಮನ ಮಡಿಲಿಗೆ ಹಾಕಿದ. ಕಮಲಾವತಿ ಅದರಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಕೂತರು. “ಅತ್ತಿಗೆಗೆ ಹೇಳಬೇಡ” ಎಂದಷ್ಟೇ ಹೇಳಿ ಅವನು ಎದ್ದ.

ಅತ್ತಿಗೆಯ ಮೇಲೆ ಅವನ ಸಂಶಯ ಹಳೆಯದು. ಕಾಟ್ಟಿಕುಳಂ ಹತ್ತಿರದ ಒಂದು ಲ್ಯಾಬಿನಲ್ಲಿ ಪದ್ಮರಾಜನಿಗೆ ಕೆಲಸವಿತ್ತು. ಆಸ್ಪತ್ರೆಗಳ ಹಳೆಯ ಬಿ.ಪಿ. ಯಂತ್ರಗಳನ್ನು ಬಿಚ್ಚಿ, ಪಾದರಸ ತೆಗೆದು ಶುದ್ಧ ಮಾಡುವ ಕೆಲಸ. ಸಂಜೆ ಬಂದರೆ ಶ್ವೇತಾ ಅವನನ್ನು ಅಂಗಳ ದಾಟಲು ಬಿಡುತ್ತಿರಲಿಲ್ಲ. ಸ್ನಾನ ಹೊರಗೆ, ಬಟ್ಟೆ ಬದಲಿಸುವುದು ಹೊರಗೆ. ಸಾಯುವ ಮೊದಲು ಅವನ ಕೈ ನಡುಗುತ್ತಿತ್ತು. ನಿದ್ದೆ ಹೋಗಿತ್ತು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊನೆಗೆ ಬಾವಲಿ ರಸ್ತೆಯ ತಿರುವಿನಲ್ಲಿ ಬೈಕಿನ ಬ್ರೇಕು ಹಿಡಿಯಲಾಗದೆ ಬಿದ್ದು ಸತ್ತ. ಅವನಿಗೆ ಅನ್ನ ಬಡಿಸುತ್ತಿದ್ದವಳು ಶ್ವೇತಾ ಒಬ್ಬಳೇ.

ಗುಂಡಿ ತೋಡಿದ ದಿನವೇ ಅಭಿನಂದನ್ ಅವಳನ್ನು ಅಡುಗೆಮನೆಯಿಂದ ಹೊರಗೆ ಹಾಕಿದ. ಅವಳು ಹಿಂದಿನ ಜಗುಲಿಯಲ್ಲಿ ಬೇರೆ ಒಲೆ ಹೂಡಿಕೊಂಡಳು.

ಚಳಿ ಹಿಡಿಯುವ ಹೊತ್ತಿಗೆ ಅಮ್ಮನ ಕೈ ನಡುಗತೊಡಗಿತು.

“ಪದ್ಮ ನನ್ನ ಕೈಯೊಳಗೆ ಬಂದು ಕೂತಿದಾನೆ ಮೋನೇ,” ಎಂದರು ಕಮಲಾವತಿ ಕಿರಿಯ ಮಗನಿಗೆ. ಹೆದರಿಕೆಯಿಲ್ಲದೆ, ಬಹುಶಃ ಸಂತೋಷದಿಂದಲೇ. ಅದೇ ನಡುಕ, ಅದೇ ತಪ್ಪಿಸಿಕೊಳ್ಳುವ ನೋಟ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಇಲ್ಲದ ಮಗನ ಜತೆ ಮಾತಾಡುತ್ತಿದ್ದರು. ಅಭಿನಂದನ್ ಕಾವಲಿಗೆ ಪಕ್ಕದಲ್ಲೇ ಕೂರುತ್ತಿದ್ದ. ಅವನಿಗೂ ನಿದ್ದೆ ಬಾರದಾಯಿತು. ಅಂಗಳದಲ್ಲಿ ಬೈಕು ನಿಂತ ಸದ್ದು ಕೇಳಿಸುತ್ತಿತ್ತು. ಎದ್ದು ನೋಡಿದರೆ ಮಂಜು.

ಶ್ವೇತಾ ಹಾಕಿಟ್ಟ ಉಪ್ಪಿನಕಾಯಿ, ಪುಡಿ ಎಲ್ಲವನ್ನೂ ಚೆಲ್ಲಿದ. ಅಮ್ಮನ ಕೈಯಿಂದಲ್ಲದೆ ಏನನ್ನೂ ತಿನ್ನಲಿಲ್ಲ. ನೀರೂ ಅಷ್ಟೆ. ಸೋಸದ ನೀರನ್ನು ಆ ಜೈನರ ಮನೆಯಲ್ಲಿ ಯಾರೂ ಕುಡಿದವರಲ್ಲ. ತಮ್ಮ ಬಾಯಾರಿಕೆಗೆ ಕಣ್ಣಿಗೆ ಕಾಣದ ಜೀವವೂ ಸಾಯಬಾರದು. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ಬಿಟ್ಟು ಮತ್ತೆ ಬಾವಿಗೇ ಇಳಿಸಬೇಕು. ಕಣ್ಣಿಗೆ ಪೊರೆ ಬಂದಿದ್ದರೂ ಕಮಲಾವತಿ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಶ್ವೇತಾ ಹೊಸ್ತಿಲಾಚೆಯಿಂದಲೇ ಕರೆದಳು.

“ಅಭೀ, ಅತ್ತೇನ ಕೋಯಿಕ್ಕೋಡಿನ ಆಸ್ಪತ್ರೆಗೆ ಕರಕೊಂಡು ಹೋಗು. ನಿನ್ನ ಅಣ್ಣಂಗೂ ಹೀಗೇ ಶುರುವಾದ್ದು.”

“ಅಣ್ಣಂಗೆ ಯಾತರಿಂದ ಆಯ್ತು?”

“ಪಾದರಸದ ಆವಿ. ಕಾಣಲ್ಲ, ವಾಸನೆ ಇಲ್ಲ. ಬೆಚ್ಚಗಾದಷ್ಟೂ ಏಳ್ತದೆ. ಎಷ್ಟು ಸಲ ಹೇಳಿದೆ, ಆ ಕೆಲಸ ಪೋಟ್ಟೆ, ಬಿಟ್ಟುಬಿಡಿ ಅಂತ. ಕೇಳಲಿಲ್ಲ.”

“ಸರಿ. ಅಮ್ಮ ಆ ಲ್ಯಾಬಿನ ಗೇಟೂ ನೋಡಿಲ್ಲ. ಅಮ್ಮನ ಕೈ ಯಾಕೆ ನಡುಗ್ತದೆ ಅತ್ತಿಗೆ?”

ಶ್ವೇತಾ ಒಲೆಯ ಮುಂದಿದ್ದ ಅತ್ತೆಯತ್ತ ಕಣ್ಣು ಹಾಯಿಸಿದಳು. ಬಾಗಿಲ ಚೌಕಟ್ಟಿನ ಮೇಲಿದ್ದ ಅವಳ ಕೈ ಮಾತ್ರ ಕಲ್ಲಿನಷ್ಟು ಸ್ಥಿರವಾಗಿತ್ತು. ಅಭಿನಂದನ್‌ಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

“ನಾಳೆ ತವರಿಗೆ ಹೋಗಿಬಿಡು. ಇಲ್ಲಾಂದ್ರೆ ಪೊಲೀಸರನ್ನು ಕರೀತೇನೆ.”

ಮರುದಿನ ಸುಧೀಶನ ಆಟೋ ಬಂತು. ಅವಳ ಪೆಟ್ಟಿಗೆಗೆ ಹಗ್ಗ ಬಿಗಿಯಲು ಹೋದ ಅಭಿನಂದನ್‌ನ ಬೆರಳುಗಳಿಂದ ಗಂಟು ಮತ್ತೆ ಮತ್ತೆ ಜಾರಿತು.

“ಎಂತಾ ಅಭೀ, ಬೆಳಿಗ್ಗೆಯೇ ಏರಿಸಿದ್ದೀಯಾ?” ಸುಧೀಶ್ ನಕ್ಕ. “ಜೈನರ ಮನೆಯವನು ಹೀಗೆ ನಡುಗಿದರೆ ಊರು ಬೇರೇನೇ ಹೇಳ್ತದೆ ಕೇಟ್ಟೋ, ಕೇಳಿಸ್ತಾ!”

ಶ್ವೇತಾ ನಗಲಿಲ್ಲ. ಅವನ ಕೈಯನ್ನೇ ನೋಡಿದಳು. ಏನೋ ಹೇಳಹೊರಟಳು. “ನೀ ನಡಿ ಸುಧೀಶಾ” ಎಂದು ಅವನು ಮುಖ ತಿರುಗಿಸಿದ.

ಒಳಗೆ ಒಲೆ ಉರಿಯುತ್ತಿತ್ತು. ಮನೆ ಕೊನೆಗೂ ಶುದ್ಧವಾಯಿತು ಅನ್ನಿಸಿ ಅವನು ಗೋಡೆಗೊರಗಿ ಕೂತ.

“ನೀರು ಕೊಡಮ್ಮ.”

ಕಮಲಾವತಿ ಒಲೆಯ ಮೇಲಿನ ಹಗ್ಗದಿಂದ ಬೆಚ್ಚಗಿನ ಬಟ್ಟೆ ಇಳಿಸಿ, ಎರಡು ಮಡಿಕೆ ಮಾಡಿ ಬಿಂದಿಗೆಯ ಬಾಯಿಗೆ ಹಾಸಿದರು. ನಡುಗುವ ಕೊಡದಿಂದ ಬಾವಿನೀರು ಸುರಿಯಿತು. ಬೆಂಕಿಯ ಬೆಳಕಿನಲ್ಲಿ ಬಟ್ಟೆಯ ಅಂಚು ಕಂಡಿತು. ಅಲ್ಲೊಂದು ಜೇಬಿತ್ತು.

“ಇದು... ಯಾವ ಬಟ್ಟೆ ಅಮ್ಮಾ?”

“ನೀನೇ ತಂದು ಕೊಟ್ಟದ್ದಲ್ಲವಾ ಮೋನೇ? ಅವತ್ತೇ ಹರಿದು ಇಟ್ಟುಕೊಂಡೆ. ಒಳ್ಳೆ ದಪ್ಪ ಬಟ್ಟೆ. ಪದ್ಮನೇ ನೀರು ಕೊಟ್ಟ ಹಾಗಾಗ್ತದೆ.”

ಜೇಬಿನ ಹೊಲಿಗೆಯಿಂದ ಬೆಳ್ಳಿಯ ಹನಿಯೊಂದು ಜಾರಿತು. ಒದ್ದೆ ಬಟ್ಟೆಯ ನಡುವಿಗೆ ಓಡಿ, ಎರಡಾಗಿ, ಮತ್ತೆ ಒಂದಾಯಿತು. ಕಣ್ಣು ಕಿರಿದು ಮಾಡಿಕೊಂಡು ಕಮಲಾವತಿ ಬಗ್ಗಿದರು.

“ನೋಡು, ಜೀವ ಇದೆ,” ಎಂದರು. “ದಿನಾ ಬರ್ತಾವೆ. ಮೆಲ್ಲಗೆ ಬಾವಿಗೆ ಬಿಟ್ಟು ಬಾ.”