ವಿಭೂತಿ ಹಚ್ಚಿದ ಗಾಡಿ

ಬೀಗದ ಕೈ ತಗಡಿಗೆ ತಾಗಿ ಕಿಣ್ಣೆಂದಿತು. ಗುರುಶಾಂತಮ್ಮ ಉಸಿರು ಬಿಗಿಹಿಡಿದು ಮನೆಯ ಕಡೆ ನೋಡಿದಳು. ಬೇಸಿಗೆಯ ಮಧ್ಯಾಹ್ನ, ಮಾನ್ವಿಗೆ ಮಾನ್ವಿಯೇ ಬಾಗಿಲು ಮುಂದೆ ಮಾಡಿಕೊಂಡು ಮಲಗಿತ್ತು. ಸೋಮವಾರವಾದ್ದರಿಂದ ಮನೆಯವರ ಅಕ್ಕಿ ಗಿರಣಿಯೂ ನಿಂತಿತ್ತು. ಒಳಗಿನಿಂದ ಗಂಡ ಗಡಿಗೆಪ್ಪನ ಗೊರಕೆ ಕೇಳಿಸುತ್ತಿತ್ತು. ಬೀಗದ ಕೈಯನ್ನು ಅವಳು ಅವನ ಅಂಗಿಯ ಜೇಬಿನಿಂದ ಕೇಳದೆ ತಂದಿದ್ದಳು.

ಗಿರಣಿಯ ಹಿತ್ತಲಿನ ಬೇವಿನ ಮರದ ಕೆಳಗೆ ಆ ಪಿಕಪ್ ಲಾರಿ ನಿಂತಿತ್ತು. ಎರಡನೇ ಮಹಾಯುದ್ಧದ ಕಾಲದ್ದು. ಮಿಲಿಟರಿಯವರು ಹರಾಜು ಹಾಕಿದ ಮೇಲೆ ದೇವದುರ್ಗದ ಹತ್ತಿ ಮಿಲ್ಲಿನ ಬಯಲಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಹೋದ ವರ್ಷ, ಎಪ್ಪತ್ತೇಳರಲ್ಲಿ, ಗಡಿಗೆಪ್ಪ ಅದನ್ನು ಕೊಂಡು ಎರಡು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದಾಗ ದಾರಿಯಲ್ಲಿ ಸಿಗುವ ಮಲ್ಲಟದ ಜನ ರಸ್ತೆಗೆ ಬಂದು ನಿಂತು ನಕ್ಕಿದ್ದರು. ಸೈಕಲ್ಲಿನ ಚೈನು ಬಿಟ್ಟರೆ ಅಲ್ಲಿಯವರೆಗೆ ಅವನು ಬೇರೇನನ್ನೂ ಬಿಚ್ಚಿ ಕೂಡಿಸಿದವನಲ್ಲ. ಆದರೂ ಆ ಸಂಜೆಯೇ ಹೆಂಡತಿಗೆ ಹೇಳಿದ್ದ: “ಇದು ಚಾಲೂ ಆದ ದಿನ ನಿನ್ನ ಮುಂದ ಕುಂದ್ರಿಸಿಕೊಂಡು ರಾಯಚೂರಿಗೆ ಹೋಗೂಣು. ನೀ ಓದಿದ ಕಾಲೇಜು ನನಗ ತೋರ್ಸು.” ಮದುವೆಯಾಗಿ ಬಂದ ಮೇಲೆ ಅವಳು ರಾಯಚೂರು ನೋಡಿರಲಿಲ್ಲ. ರೊಟ್ಟಿ ಬಡಿಯುತ್ತಾ ಕೂತಲ್ಲೇ, ಆ ಮುಂದಿನ ಸೀಟಿನಲ್ಲಿ ಎಷ್ಟೋ ಸಲ ರಾಯಚೂರಿನ ದಾರಿಯ ಕಲ್ಲೂರು ದಾಟಿದ್ದಳು.

ಇವತ್ತು ಬೆಳಿಗ್ಗೆ ಭಾವ ವಿರೂಪಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: “ನಾಳಿ ಗುಜರಿಯವ ಬರ್ತಾನ, ತಮ್ಮಾ. ಆ ಹೆಣ ಎತ್ತಿಬಿಡು. ನೆಲ್ಲು ಒಣಗಸಾಕ ಜಾಗ ಬೇಕು.” ಗಡಿಗೆಪ್ಪ ಉಣ್ಣದೆ ಮಲಗಿದ್ದ.

ರಾಯಚೂರಿನ ಮೇಸ್ತ್ರಿ ಮೀರಾಹುಸೇನ ಇಂಜಿನ್ ಎಲ್ಲ ಸರಿಮಾಡಿ, “ಬ್ಯಾಟರಿ ಬಂದ ಮ್ಯಾಲ ಒಂದ ಒದಿತಕ್ಕ ಎದ್ದು ಕುಂದ್ರತದ” ಎಂದು ಹೋಗಿದ್ದ. ಬ್ಯಾಟರಿ ಬಂತು, ಗಾಡಿ ಏಳಲಿಲ್ಲ. ಯಾಕೆಂದು ಗುರುಶಾಂತಮ್ಮನಿಗೆ ಅನುಮಾನವಿತ್ತು. ದಿನಾ ಮುಂಜಾನೆ ಗಡಿಗೆಪ್ಪ ಸ್ನಾನ ಮಾಡಿ, ಬಾನೆಟ್ ಎತ್ತಿ, ಇಂಜಿನ್ನಿಗೆ ನೀರು ಚಿಮುಕಿಸುತ್ತಿದ್ದ. ವೈರುಗಳೆಲ್ಲ ಬಂದು ಸೇರುವ ಕರೀ ಗುಂಡು ಮುಚ್ಚಳವೊಂದಿತ್ತು. “ಥೇಟ್ ಲಿಂಗದ ಹಂಗ ಅದ ನೋಡು” ಎಂದು ಅದಕ್ಕೆ ಒದ್ದೆ ವಿಭೂತಿಯ ಮೂರು ಪಟ್ಟಿ ಎಳೆದು, ಆಮೇಲೆಯೇ ಸ್ಟಾರ್ಟರ್ ಒತ್ತುತ್ತಿದ್ದ. ಕಿಡಿ ಹಾಯುವ ಜಾಗ ಅದು, ಒದ್ದೆಯಾಗಬಾರದು ಎಂದು ಅವಳು ಕಾಲೇಜಿನ ವಿಜ್ಞಾನದ ಪುಸ್ತಕದಲ್ಲಿ ಓದಿದ್ದಳು. ಆದರೆ ಪೂಜೆಯಿಂದಲೇ ಗಾಡಿ ನಿಂತಿದೆ ಎಂದು ಸೊಸೆಯಾದವಳು ಯಾವ ಬಾಯಿಂದ ಹೇಳಬೇಕು?

ಅವಳು ಬಾನೆಟ್ ಎತ್ತಿದಳು. ಸೆರಗಿನ ತುದಿಯಿಂದ ಆ ಮುಚ್ಚಳವನ್ನು, ಒಂದೊಂದೇ ವೈರಿನ ಬುಡವನ್ನು ಒರೆಸಿದಳು. ಹತ್ತಿ ಕೂತು, ಬೀಗದ ಕೈ ತಿರುಗಿಸಿ, ಅವನು ಒತ್ತುತ್ತಿದ್ದಲ್ಲೇ ಕಾಲಿಟ್ಟು ಒತ್ತಿದಳು. ಗಾಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಒಮ್ಮೆಲೇ ಗುಡುಗಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಸ್ಟೀರಿಂಗಿನ ನಡುಕ ಮೊಣಕೈವರೆಗೆ ಏರಿತು. ತೆರೆದ ಗೇಟಿನಾಚೆ ರಾಯಚೂರಿನ ರಸ್ತೆ ಬಿಸಿಲಿಗೆ ಬೆಳ್ಳಗೆ ಬಿದ್ದುಕೊಂಡಿತ್ತು. ಅವಳಿಗೆ ಗಾಡಿ ಓಡಿಸಲು ಬಾರದು. ಸುಮ್ಮನೆ ಆ ರಸ್ತೆ ನೋಡುತ್ತ ಕೂತಳು. ಆಮೇಲೆ ಬೀಗದ ಕೈಯನ್ನು ಹಿಂದಕ್ಕೆ ತಿರುಗಿಸಿದಳು.

ಗಡಿಗೆಪ್ಪ ಕಣ್ಣುಜ್ಜುತ್ತಾ ಬಂದಾಗ ಅವಳು ಬಾನೆಟ್ ಇಳಿಸಿ, ಅದರ ಹೊರಮೈಗೆ ಮೂರು ಪಟ್ಟಿ ವಿಭೂತಿ ಎಳೆಯುತ್ತಿದ್ದಳು.

“ಏನದು ಸಪ್ಪಳ?”

“ರಸ್ತ್ಯಾಗ ಯಾವುದೋ ಲಾರಿ ಹೋತ್ರಿ.”

“ನಾ ನಮ್ಮದ ಅನಕೊಂಡೆ.” ಅವನು ಬಾನೆಟ್ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದ. “ಸುಡಾಕತ್ತದಲ್ಲ! ನೆರಳಾಗ ನಿಂತದ್ದು?”

“ನಮ್ಮ ಕಡಿ ಬ್ಯಾಸಿಗ್ಯಾಗ ನೆರಳೂ ಸುಡ್ತದ್ರಿ. ಕಡೀಗಿ ಒಮ್ಮಿ ನೋಡಿಬಿಡ್ರಿ, ಗುಜರಿಯವ ಬರೂದ್ರೊಳಗ.”

“ಪೂಜಿ?”

“ನಾ ಮಾಡೀನಿ. ಬೀಗದ ಕೈನೂ ನಾನ ತಂದಿಟ್ಟೀನಿ.”

“ಹೊರಗ ಹಚ್ಚೀಯಲ್ಲ?”

“ದೇವರು ಹೊರಗೂ ಇರ್ತಾನ್ರಿ. ಇನ್ನ ಮ್ಯಾಲ ಇಲ್ಲೇ ಹಚ್ಚೂಣು.”

ಅವನು ನಕ್ಕ. ನಗುತ್ತಲೇ ಹತ್ತಿ ಕೂತು ಸ್ಟಾರ್ಟರ್ ಒತ್ತಿದ.

ಓಣಿಗೆ ಓಣಿಯೇ ಎದ್ದು ಬಂತು. ವಿರೂಪಣ್ಣ ಬರಿಮೈಯಲ್ಲೇ ಓಡಿ ಬಂದ. “ಎಲಾ ಇವನ! ಹೆಣ ಎದ್ದು ಕುಂತದಲ್ಲೋ!”

“ನಾ ಎಬ್ಬಿಸೀನಿ ಅಣ್ಣಾ! ನಾನ ಎಬ್ಬಿಸೀನಿ!” ಗಡಿಗೆಪ್ಪನ ಕಣ್ಣಲ್ಲಿ ನೀರು.

“ನಡಿ, ಕಲ್ಲೂರ ತನಕ ಒಂದು ಸುತ್ತು ಹೊಡಿಯೂಣು” ಎಂದು ವಿರೂಪಣ್ಣ ಅಂಗಿ ತರಿಸಿ ತೊಟ್ಟು ಮುಂದೆ ಹತ್ತಿದ. ಹೊಸ ಗಾಡಿಯಲ್ಲಿ ಹಿರಿಯರು ಮೊದಲು ಕೂರಬೇಕು. ಅವನ ಹೆಂಡತಿ ಬಸವಂತಮ್ಮ ಹಿಂದೆಯೇ ಏರಿ ಪಕ್ಕದಲ್ಲಿ ಕೂತಳು. ಸೀಟು ತುಂಬಿತು. ಗಡಿಗೆಪ್ಪ ಹೆಂಡತಿಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ.

“ಹೋಗಿ ಬರ್ರಿ. ಮನ್ಯಾಗ ಯಾರರ ಇರಬೇಕಲ್ಲ” ಎಂದಳು ಅವಳು.

ಬಸವಂತಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. “ಏನ ಶಾಂತಾ, ಸೆರಗಿಗೆ ಏನ ಬಡಕೊಂಡಿ?”

“ವಿಭೂತಿ, ಅಕ್ಕಾ.”

ಗಾಡಿ ರಾಯಚೂರಿನ ರಸ್ತೆಗೆ ತಿರುಗಿತು. ಧೂಳು ಇಳಿಯುವವರೆಗೆ ಅವಳು ಗೇಟಿನಲ್ಲೇ ನಿಂತಿದ್ದಳು. “ನಾನ ಎಬ್ಬಿಸೀನಿ” ಎಂಬ ಕೂಗು ಇನ್ನೂ ಕಿವಿಯಲ್ಲಿತ್ತು. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಒಳಗೆ ಹೋಗಿ ಸೀರೆ ಬದಲಿಸಿದಳು. ಬಿಳೀ ವಿಭೂತಿ, ಕರೀ ಎಣ್ಣೆ ಎರಡೂ ಕಲೆತು ಸೆರಗಿಗೆ ಹತ್ತಿದ್ದ ಆ ಸೀರೆಯನ್ನು ಒಗೆಯುವ ಬಟ್ಟೆಗೆ ಹಾಕಲಿಲ್ಲ. ಕಲೆ ಒಳಮೈಗೆ ಬರುವಂತೆ ಮಡಚಿ, ಟ್ರಂಕಿನ ತಳದಲ್ಲಿ ಕಾಲೇಜಿನ ಪುಸ್ತಕಗಳ ಕೆಳಗೆ ಇಟ್ಟಳು.